ಅರವತ್ತು ಹಲ್ಲಿನ ಹಳದಿ ಡಬ್ಬಿ

ಯಾವ ಯಂತ್ರ ಕೆಟ್ಟರೂ ನನ್ನ ಗಂಡ ಮೊದಲು ಅದರ ಬಾಯಿ ಎಲ್ಲಿದೆ ಅಂತ ಹುಡುಕುತ್ತಾನೆ. ಸಿಕ್ಕಿತೋ, ತನ್ನ ಬಾಯಿ ಹತ್ತಿರ ಒಯ್ದು ಉಫ್ ಅಂತ ಊದುತ್ತಾನೆ. ಟಿವಿ ರಿಮೋಟು, ಫೋನಿನ ಚಾರ್ಜರ್ ತೂತು, ಪೆಟ್ರೋಲ್ ಬಂಕಿನಲ್ಲಿ ಮುನಿಸಿಕೊಂಡ ಕ್ರೆಡಿಟ್ ಕಾರ್ಡು, ಎಲ್ಲಕ್ಕೂ ಅದೇ ಮದ್ದು. ಟೆಕ್ಸಸ್‌ನ ಫ್ರಿಸ್ಕೊದಲ್ಲಿ ಮನೆ, ಕೆಲಸ ಕ್ಲೌಡ್ ಕಂಪ್ಯೂಟಿಂಗಿನದು. ಕ್ಲೌಡಿಗೆ ಊದಲು ಬಾಯಿಲ್ಲ ಅನ್ನುವುದೊಂದೇ ಅವನ ವೃತ್ತಿಜೀವನದ ಕೊರಗು.

ಈ ವಿದ್ಯೆಯನ್ನು ಅವನು ಕಲಿತದ್ದು ತೊಂಬತ್ತರ ದಶಕದ ಬಳ್ಳಾರಿಯಲ್ಲಿ, ಕೌಲ್ ಬಜಾರಿನ ಒಂದು ನಡುಮನೆಯಲ್ಲಿ. ನಿಂಟೆಂಡೊ 1983ರಲ್ಲಿ ಜಪಾನಿನಲ್ಲಿ ಬಿಟ್ಟ ಫ್ಯಾಮಿಕಾಮ್ ಎಂಬ ಯಂತ್ರದ ನಕಲುಗಳು ನಿಧಾನಕ್ಕೆ ನಮ್ಮ ಕಡೆಗೂ ಬಂದವು. ಓಣಿಯಲ್ಲಿ ನಿಂಟೆಂಡೊ ಹೆಸರು ಕೇಳಿದವರು ಯಾರೂ ಇರಲಿಲ್ಲ. ಅದು ಟಿವಿ ಗೇಮು, ಅದಕ್ಕೆ ತೂರಿಸುವ ಹಳದಿ ಡಬ್ಬಿ ಕ್ಯಾಸೆಟ್ಟು, ಅಷ್ಟೇ. ಆಟ ಹತ್ತದಿದ್ದರೆ ಡಬ್ಬಿ ತೆಗೆದು, ಊದಿ, ಮತ್ತೆ ತೂರಿಸುವುದು. ಡಬ್ಬಿಯ ಮೇಲೆ 9999 ಆಟ ಅಂತ ದಪ್ಪಕ್ಷರದಲ್ಲಿ ಇರುತ್ತಿತ್ತು. ಒಳಗೆ ಬೆರಳೆಣಿಕೆಯಷ್ಟು ಆಟ. ಅವೇ ಬೇರೆ ಬೇರೆ ಹೆಸರಿನಲ್ಲಿ, ಬೇರೆ ಬೇರೆ ಹಂತದಿಂದ ಮತ್ತೆ ಮತ್ತೆ ಶುರುವಾಗುತ್ತಿದ್ದವು. (ತಿಂಗಳ ಚಂದಾ ಕಟ್ಟಿ ಸಿನಿಮಾ ಹುಡುಕುವ ನಾವು ಈ ವಿಷಯದಲ್ಲಿ ನಗುವ ಹಾಗಿಲ್ಲ.)

ಮಾರಿಯೊ ಆಟದಲ್ಲಿ ಒಟ್ಟು 32 ಹಂತ. ಕೊನೆಯದರಲ್ಲಿ ರಾಜಕುಮಾರಿ. ಆಡಿದ್ದನ್ನು ಉಳಿಸಿಡುವ ಏರ್ಪಾಡೇ ಅದರಲ್ಲಿಲ್ಲ. ಕರೆಂಟು ಹೋದರೆ ಮತ್ತೆ ಒಂದರಿಂದ. ಬಳ್ಳಾರಿಯ ಕರೆಂಟಿನ ಕೃಪೆಯಿಂದ ನನ್ನ ಗಂಡ ಮೊದಲ ನಾಲ್ಕು ಹಂತಗಳನ್ನು ಕಣ್ಣು ಮುಚ್ಚಿ ದಾಟುತ್ತಾನೆ. ರಾಜಕುಮಾರಿಯ ಮುಖ ಮಾತ್ರ ಇವತ್ತಿಗೂ ನೋಡಿಲ್ಲ. ಇಡೀ ಆಟದ ತೂಕ 40 ಕಿಲೋಬೈಟ್. ನಮ್ಮ ಕನ್ನಡ ಕೂಟದ ವಾಟ್ಸಾಪ್ ಗುಂಪಿಗೆ ದಿನಾ ಬೆಳಿಗ್ಗೆ ಬರುವ ಶುಭೋದಯದ ಗುಲಾಬಿ ಅದಕ್ಕಿಂತ ದಪ್ಪ.

ಊದುವುದರಿಂದ ಏನೂ ಆಗುವುದಿಲ್ಲ, ಡಬ್ಬಿ ತೆಗೆದು ಮತ್ತೆ ಹಾಕಿದ್ದಕ್ಕೇ ಆಟ ಶುರುವಾಗುವುದು, ಉಸಿರಿನ ತೇವಕ್ಕೆ ಡಬ್ಬಿಯ ಲೋಹದ ಹಲ್ಲು ತುಕ್ಕು ಹಿಡಿಯುತ್ತದೆ ಅಂತ ನಿಂಟೆಂಡೊ ಕಂಪನಿಯೇ ಊದಬೇಡಿ ಎಂದಿದೆ ಅಂತ ನಾನು ಓದಿ ಹೇಳಿದೆ. ಗಂಡ ಕೇಳಿಸಿಕೊಂಡ. "ನಿಮ್ಮ ಮೈಸೂರಿನವರ ಉಸಿರಲ್ಲಿ ತೇವ ಇರಬಹುದು," ಅಂದ. "ಮೇ ತಿಂಗಳ ಬಳ್ಳಾರೀಲಿ ಯಾರ ಉಸಿರಲ್ಲಿ ತೇವ ಇರ್ತದೆ?"

ಹಳದಿ ಡಬ್ಬಿಯ ಇನ್ನೊಂದು ಗುಣ, ಅದನ್ನು ಕಡ ಕೊಡಬಹುದಿತ್ತು. ಇವನ ಕಾಂಟ್ರಾ ಎಂಬ ಆಟದ ಕ್ಯಾಸೆಟ್ಟು ಒಂದು ಸಲ ದೊಡ್ಡಬಸವೇಶ್ವರನ ತೇರು ನೋಡಲು ಇವರ ಜೊತೆ ಕುರುಗೋಡಿಗೆ ಹೋಯಿತು. ಇವರೆಲ್ಲ ವಾಪಸು ಬಂದರು, ಅದು ಬರಲಿಲ್ಲ. ಸೋದರಮಾವನ ಮಗ "ಕೊಟ್ಟೆ" ಅನ್ನುತ್ತಾನೆ, ಇವನು "ಎಲ್ಲಿ ಕೊಟ್ಟೆ" ಅನ್ನುತ್ತಾನೆ. ಇಬ್ಬರಿಗೂ ತಲೆ ಅರ್ಧ ಬೆಳ್ಳಗಾಗಿದೆ, ವಿಡಿಯೊ ಕಾಲಿನಲ್ಲಿ ಹಬ್ಬದ ಶುಭಾಶಯ ಮುಗಿದ ಮೇಲೆ ಇದೇ ಮಾತು. ಡೌನ್‌ಲೋಡ್ ಮಾಡಿದ ಆಟದಿಂದ ಇಷ್ಟು ಬಾಳಿಕೆ ಬರುವ ಜಗಳ ಹುಟ್ಟಿಸಿ ನೋಡೋಣ!

ಆಮೇಲೆ ಡಿಸ್ಕ್ ಬಂತು. ಎರಡನೇ ಪ್ಲೇಸ್ಟೇಷನ್ 2000ದಲ್ಲಿ ಬಂದದ್ದು. ಸಂಡೂರು, ಹೊಸಪೇಟೆ ಕಡೆಯ ಅದಿರಿನ ಲಾರಿಗಳು ಸಾಲುಗಟ್ಟಿದ್ದೂ ಅದೇ ದಶಕದಲ್ಲಿ. ಕೂದಲೆಳೆ ಗೀರಿಗೂ ನಿಂತುಬಿಡುವ, ಬೆರಳ ಗುರುತಿಗೂ ಹೇಸುವ ಈ ಸುಕುಮಾರಿ ಕೆಂಪು ಧೂಳಿನ ಊರಿಗೆ ಸೊಸೆಯಾಗಿ ಬಂದಳು. ಊದಿದರೆ ಎಂಜಲು ಹಾರುತ್ತಿತ್ತು, ಒರೆಸಿದರೆ ಗೀರು ಬೀಳುತ್ತಿತ್ತು. ಗೀರು ಮಾಯಲಿ ಅಂತ ಮೈದುನ ಟೂತ್‌ಪೇಸ್ಟ್ ಹಚ್ಚಿ ಉಜ್ಜಿದ. ಡಿಸ್ಕು ಓಡಲಿಲ್ಲ, ಮನೆಮಂದಿ ಒಂದು ವಾರ ಉಪ್ಪಿನಲ್ಲಿ ಹಲ್ಲುಜ್ಜಿದರು. 2011ರಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿ ಧೂಳು ಇಳಿಯುವ ಹೊತ್ತಿಗೆ ಡಿಸ್ಕುಗಳೆಲ್ಲ ಸಿರುಗುಪ್ಪದ ಗದ್ದೆಯಲ್ಲಿದ್ದವು. ನಮ್ಮತ್ತೆ ಅವನ್ನು ದಾರಕ್ಕೆ ಪೋಣಿಸಿ ಭತ್ತದ ಮೇಲೆ ಕಟ್ಟಿಸಿದ್ದರು. ಬಿಸಿಲಿಗೆ ಫಳಫಳ ಹೊಳೆದರೆ ಹಕ್ಕಿ ಕೂರುವುದಿಲ್ಲ. "ಅಷ್ಟು ದುಡ್ಡು ಕೊಟ್ಟಿದ್ದಕ್ಕೆ ಇದೊಂದಾದ್ರೂ ಆತಲ್ಲ" ಅಂತ ಅವರ ತೃಪ್ತಿ.

ಆ ಅತ್ತೆ ಈ ಬೇಸಿಗೆಯಲ್ಲಿ ಫ್ರಿಸ್ಕೊಗೆ ಬಂದರು. ಶೇಂಗಾ ಚಟ್ನಿಪುಡಿ, ಒಣಗಿದ ಜೋಳದ ರೊಟ್ಟಿಯ ಕಟ್ಟು, ಅದರ ನಡುವೆ ಮಗನ ಹಳದಿ ಕ್ಯಾಸೆಟ್ಟು. ಗಂಡ ಹಿಗ್ಗಿ, ಹಳೇ ಸಾಮಾನಿನ ಅಂಗಡಿಯಿಂದ ಬೂದು ಬಣ್ಣದ ಅಮೆರಿಕನ್ ನಿಂಟೆಂಡೊ ಹೊತ್ತು ತಂದ. ಡಬ್ಬಿ ಒಳಗೆ ಹೋಗಲೊಲ್ಲದು. ನಮ್ಮ ಕಡೆಯ ಕ್ಯಾಸೆಟ್ಟಿಗೆ ಜಪಾನಿನ ಅಳತೆಯಂತೆ 60 ಹಲ್ಲು, ಅಮೆರಿಕದ ಯಂತ್ರಕ್ಕೆ 72 ಬೇಕು. "ಇಲ್ಲಿಗೆ ಬಂದಮ್ಯಾಲೆ ನೀನೂ ಹಲ್ಲು ಕಟ್ಟಿಸ್ಕಂಡಿಯಲ್ಲ," ಅಂದರು ಅತ್ತೆ, "ಇದಕ್ಕೂ ಕಟ್ಸು."

ಅದಕ್ಕೂ ಸೇತುವೆ ಸಿಗುತ್ತದಂತೆ. 1985ರಲ್ಲಿ ಅಮೆರಿಕಕ್ಕೆ ಬಂದ ಜೈರೊಮೈಟ್ ಎಂಬ ಆಟದ ಕೆಲವು ಡಬ್ಬಿ ಬಿಚ್ಚಿದರೆ ಒಳಗೆ ಜಪಾನಿನ ಅರವತ್ತು ಹಲ್ಲಿನ ಹಲಗೆಯೇ ಇರುತ್ತದೆ. ಅದಕ್ಕೊಂದು ಸೇತುವೆ ಕಟ್ಟಿ, ಮೇಲೆ ಅಮೆರಿಕದ ಅಂಗಿ ತೊಡಿಸಿದ್ದಾರೆ. ಇದನ್ನು ವಿವರಿಸುತ್ತ ಗಂಡ ಯಾಕೋ ತನ್ನ ಆಫೀಸಿನ ಕೋಟನ್ನು ಒಮ್ಮೆ ಸರಿಮಾಡಿಕೊಂಡ.

ಸೇತುವೆ ಬಂತು, ಊದಿದ್ದಾಯಿತು, ಆಟ ಹತ್ತಿತು. ಆದರೆ ಮಾರಿಯೊ ಬಿದ್ದಂಬೀಳ ಓಡತೊಡಗಿದ. ಊರಿನ ಟಿವಿ ಸೆಕೆಂಡಿಗೆ 50 ಸಲ ಚಿತ್ರ ಬರೆಯುತ್ತಿತ್ತು, ಅಮೆರಿಕದ್ದು 60 ಸಲ. ಆಟವೂ ಅಷ್ಟು ಚುರುಕು. ನಾಲ್ಕು ಹಂತದ ಪಂಡಿತ ಮೊದಲನೇ ಗುಂಡಿಗೇ ಬಿದ್ದ. "ಈ ದೇಶದಾಗ ಎಲ್ಲಾರೂ ಹಿಂಗಾ ಓಡ್ತಾರ," ಅಂದರು ಅತ್ತೆ.

ಫ್ರಿಸ್ಕೊದಲ್ಲೇ ನ್ಯಾಷನಲ್ ವಿಡಿಯೊಗೇಮ್ ಮ್ಯೂಸಿಯಂ ಇದೆ, 2016ರಿಂದ. ಕರೆದುಕೊಂಡು ಹೋದೆವು. ಎಂಬತ್ತರ ದಶಕದ ಅಮೆರಿಕದ ನಡುಮನೆಯನ್ನು ಸೋಫಾ, ಟಿವಿ ಸಮೇತ ಅಲ್ಲಿ ಹಾಗೆಯೇ ಜೋಡಿಸಿಟ್ಟಿದ್ದಾರೆ. ಅತ್ತೆ ಸುತ್ತ ನೋಡಿ, "ಇಷ್ಟಕ್ಕೆ ಟಿಕೀಟಾ? ಇದಕ್ಕಿಂತ ಚಲೋ ಟಿವಿ ನಮ್ಮ ಅಟ್ಟದ ಮ್ಯಾಲೆ ಐತೆ," ಅಂದರು. ಗಾಜಿನ ಹಿಂದಿನ ಕ್ಯಾಸೆಟ್ಟುಗಳನ್ನು ಕಂಡು ಗಂಡನ ಕೆನ್ನೆ ಉಬ್ಬಿತು. ನಾನು ತೋಳು ಹಿಡಿದು ಎಳೆದೆ.

ಮನೆಗೆ ಬಂದರೆ ನಮ್ಮ ಮಗನ ಆಟದ ಯಂತ್ರ, ನಿಂಟೆಂಡೊ ಸ್ವಿಚ್ಚು, ಹಟ ಹಿಡಿದಿತ್ತು. ಅದರ ಆಟ ಉಗುರಿನಷ್ಟು ಕಾರ್ಡಿನಲ್ಲಿರುತ್ತದೆ. ಗಂಡ ಕಸಿದುಕೊಂಡು, ತುಟಿಗಿಟ್ಟು ಊದಿದ. ಮರುಕ್ಷಣ ಸಿಂಕಿಗೆ ಓಡಿದ. ಮಕ್ಕಳು ನುಂಗಬಾರದು ಅಂತ ನಿಂಟೆಂಡೊ 2017ರಿಂದ ಈ ಕಾರ್ಡುಗಳಿಗೆ ಡೆನಟೋನಿಯಂ ಬೆಂಜೊಯೇಟ್ ಎಂಬ ಘೋರ ಕಹಿ ಬಳಿಯುತ್ತದೆ. ಅತ್ತೆ ನಿಧಾನವಾಗಿ ಮಗನ ಮುಖ ನೋಡಿದರು. "ಹಾಲು ಬಿಡ್ಸಾಕ ನಾನೂ ಬೇವಿನಸೊಪ್ಪು ಅರದು ಹಚ್ಚಿದ್ದೆ. ಆಗ್ಲೂ ಮಾರಿ ಹಿಂಗಾ ಮಾಡಿದ್ದಿ."

ನಮ್ಮ ಮಗನ ಹುಟ್ಟಿದಹಬ್ಬಕ್ಕೆ ಸ್ವಿಚ್ 2 ಬಂತು, ಜೊತೆಗೆ ಹೊಸ ಆಟದ ಕಾರ್ಡೊಂದು. ಅದು ಗೇಮ್-ಕೀ ಕಾರ್ಡು. ಒಳಗೆ ಆಟವಿಲ್ಲ, ಬೀಗದಕೈ ಮಾತ್ರ. ಆಟ ಇಂಟರ್ನೆಟ್ಟಿನಿಂದ ಇಳಿಯಬೇಕು. ಹಾಗಂತ ಕಾರ್ಡು ತೂರಿಸದಿದ್ದರೆ ಓಡುವುದೂ ಇಲ್ಲ. ಗಂಡನಿಗೆ ಇದನ್ನು ತಾಯಿಗೆ ತಿಳಿಸಿ ಹೇಳಲು ಎರಡು ಲೋಟ ಚಹಾ ಬೇಕಾಯಿತು. ಅವರು ಕಾರ್ಡನ್ನು ಕಿಟಕಿಯ ಬೆಳಕಿಗೆ ಹಿಡಿದು ಹಿಂದೆ ಮುಂದೆ ತಿರುಗಿಸಿದರು.

"ಆಟ ಇಲ್ಲಂದ್ರೆ ಇಲ್ಲ, ಹೋಗ್ಲಿ. ಇದು ಹೊಳಿಯಾದೂ ಇಲ್ಲಲ್ಲೋ. ಗದ್ದಿಗೆ ಕಟ್ಟಿದ್ರೆ ಒಂದು ಗುಬ್ಬಿನೂ ಅಂಜಂಗಿಲ್ಲ."