ಹನ್ನೊಂದನೇ ಮಹಡಿಯ ಬೇಸ್‌ರಾಯರು

ವೈಟ್‌ಫೀಲ್ಡ್ ಕಡೆಯ ಯಾವುದೇ ದೊಡ್ಡ ಅಪಾರ್ಟ್‌ಮೆಂಟಿಗೆ ಹೋಗಿ. ಯಾವುದಾದರೂ ಮನೆಯ ಯುಟಿಲಿಟಿಯಿಂದ ಥಿನ್ನರ್ ವಾಸನೆ ಬರುತ್ತಿದ್ದರೆ ಒಳಗೆ ಬೇಸ್‌ರಾಯರು ಇದ್ದಾರೆ ಎಂದೇ ತಿಳಿಯಿರಿ. ವಯಸ್ಸು ನಲವತ್ತರ ಆಸುಪಾಸು. ಹುದ್ದೆಯಲ್ಲಿ ಆರ್ಕಿಟೆಕ್ಟ್. ಆದರೆ ಕಟ್ಟಿದ್ದೆಲ್ಲ ಕ್ಲೌಡಿನಲ್ಲೇ, ನೆಲದ ಮೇಲೆ ಒಂದು ನಾಯಿಗೂಡೂ ಇಲ್ಲ. ನಿಜವಾದ ಹೆಸರು ಫ್ಲ್ಯಾಟಿನ ಬಾಗಿಲ ಮೇಲೆ ಇರುತ್ತದೆ, ಯಾರೂ ಓದುವುದಿಲ್ಲ. ಸೆಕ್ಯೂರಿಟಿಯವನನ್ನು ಕೇಳಿದರೆ "ಗಿಟಾರ್ ಮಾಡ್ತಾರಲ್ಲ, ಅವರಾ?" ಎಂದು ಲಿಫ್ಟ್ ತೋರಿಸುತ್ತಾನೆ. ನುಡಿಸುತ್ತಾರಲ್ಲ ಎನ್ನುವುದಿಲ್ಲ, ಮಾಡ್ತಾರಲ್ಲ ಎನ್ನುತ್ತಾನೆ. ಸೆಕ್ಯೂರಿಟಿಯವರ ಕಣ್ಣಿಗೆ ಯಾವುದೂ ತಪ್ಪುವುದಿಲ್ಲ.

ಈ ಜಾಯಮಾನದವರು ನಮಗೆ ಹೊಸಬರಲ್ಲ. 2020ರಲ್ಲಿ ಇವರೇ ಹಿಟ್ಟು ಹುಳಿ ಬರಿಸಿ ಬ್ರೆಡ್ ಸುಡುತ್ತಿದ್ದರು. ಆಮೇಲೆ ಬಾಲ್ಕನಿಯಲ್ಲಿ ಟೊಮೆಟೊ ಬೆಳೆದು, ಕೆಜಿಗೆ ಬಿದ್ದ ಖರ್ಚನ್ನು ಹೆಂಡತಿಯಿಂದ ಮುಚ್ಚಿಟ್ಟರು. ಆಮೇಲೆ ಸೈಕಲ್ ಕೊಂಡು ನಂದಿಬೆಟ್ಟ ಹತ್ತಿದರು, ಇಳಿದರು, ಸೈಕಲನ್ನು ಬಟ್ಟೆ ಒಣಗಿಸಲು ಬಿಟ್ಟರು. ಗಿಟಾರಿನ ಬೀಜ ಮಾತ್ರ ಇವೆಲ್ಲಕ್ಕಿಂತ ಹಳೆಯದು. 2007ರ ಮಾರ್ಚ್‌ನಲ್ಲಿ ಐರನ್ ಮೇಡನ್ ಅರಮನೆ ಮೈದಾನಕ್ಕೆ ಬಂದಾಗ ರಾಯರು ಪಿಜಿಯಲ್ಲಿದ್ದ ಬ್ರಹ್ಮಚಾರಿ. ಆ ತಂಡ ಕಟ್ಟಿದವನೇ ಬೇಸ್ ನುಡಿಸುವ ಸ್ಟೀವ್ ಹ್ಯಾರಿಸ್. 2011ರ ಅಕ್ಟೋಬರ್ 30ರಂದು ಮೆಟಾಲಿಕಾ ಅದೇ ಮೈದಾನಕ್ಕೆ ಬಂದಾಗ ಮದುವೆ ಗೊತ್ತಾಗಿತ್ತು. ಅಲ್ಲಿಂದ ಬಂದ ಕಪ್ಪು ಟೀ ಶರ್ಟ್ ಈಗ ಬೈಕ್ ಒರೆಸುವುದಕ್ಕೂ ಬಾರದಷ್ಟು ಸವೆದಿದೆ, ಎಸೆಯಲು ಮಾತ್ರ ಬಿಡುವುದಿಲ್ಲ.

"ಅಂಗಡಿಯಲ್ಲಿ ಸಿಗುತ್ತಲ್ಲ, ತಗೊಳ್ಳಬಾರದಾ?" ಎಂದು ಕೇಳಿದಿರೋ, ಮುಗಿಯಿತು. ರಾಯರು ಕನ್ನಡಕ ತೆಗೆದು ಒರೆಸುತ್ತಾರೆ. "ಆರು ವರ್ಷ ಬರೆದ ಸಿಸ್ಟಮ್ ಸಾರ್. ಒಂದು ಶುಕ್ರವಾರ ಸಂಜೆ ಆಫ್ ಮಾಡಿದ್ರು. ಮೇಲ್ ಬಂತು, ಅಷ್ಟೇ. ಮುಟ್ಟಿ ನೋಡೋಕೆ ಏನಾದ್ರೂ ಉಳಿಯಬೇಕಲ್ವಾ?" ಈ ಮಾತಿಗೆ ನನ್ನ ಬಳಿ ಉತ್ತರವಿಲ್ಲ. ನಿಮ್ಮ ಬಳಿಯೂ ಇರಲಾರದು. ಆದ್ದರಿಂದ ಅಲ್ಲಿಗೆ ಬಿಟ್ಟು, ರಾಯರ ಎರಡನೇ ವಾದಕ್ಕೆ ಬರೋಣ. ಅದನ್ನು ಕೇಳಿ ನಗಬಹುದು.

ನಿಮಗೆ ನುಡಿಸಲು ಬರುತ್ತದೆಯೇ ಎಂದರೆ ಲಿಯೋ ಫೆಂಡರನ ಕಥೆ ತೆಗೆಯುತ್ತಾರೆ. 1951ರಲ್ಲಿ ಪ್ರಿಸಿಷನ್ ಬೇಸ್ ಎಂಬ ವಿದ್ಯುತ್ ಬೇಸ್ ಗಿಟಾರನ್ನು ಮಾರುಕಟ್ಟೆಗೆ ಬಿಟ್ಟು, ಆಳೆತ್ತರದ ಪಿಟೀಲನ್ನು ಹೊತ್ತು ತಿರುಗುವ ಕಷ್ಟದಿಂದ ಸಂಗೀತಗಾರರನ್ನು ಪಾರು ಮಾಡಿದ ಆ ಪುಣ್ಯಾತ್ಮ ಲೆಕ್ಕಪತ್ರ ಓದಿದವನು, ರೇಡಿಯೋ ರಿಪೇರಿ ಮಾಡುತ್ತಿದ್ದವನು. ಗಿಟಾರ್ ನುಡಿಸಲು ಅವನಿಗೆ ಬರುತ್ತಿರಲಿಲ್ಲ. "ಅವನಿಗೇ ಬರ್ತಿರಲಿಲ್ಲ" ಎಂದು ಹೇಳುವಾಗ ರಾಯರ ಮುಖದಲ್ಲಿ ಗುರುಪರಂಪರೆ ಸಿಕ್ಕ ಶಿಷ್ಯನ ತೃಪ್ತಿ ಇರುತ್ತದೆ. ಫೆಂಡರ್ ತಾನು ಮಾಡಿದ್ದನ್ನು ನುಡಿಸಬಲ್ಲವರ ಕೈಗೆ ಕೊಟ್ಟು ಅವರು ಹೇಳಿದಂತೆ ತಿದ್ದುತ್ತಿದ್ದ ಎಂಬ ಭಾಗ ಕಥೆಯಲ್ಲಿ ಬರುವುದಿಲ್ಲ.

ಮೊದಲ ಕೆಲಸ ಎಕ್ಸೆಲ್ ಶೀಟು. ತಂತಿಯ ಉದ್ದ 34 ಅಂಗುಲ, ಎಂದರೆ 863.6 ಮಿಲಿಮೀಟರ್. ಅದನ್ನು 17.817ರಿಂದ ಭಾಗಿಸಿದರೆ ಮೊದಲ ಫ್ರೆಟ್ಟಿನ, ಎಂದರೆ ಮೆಟ್ಟಿಲಿನ ಜಾಗ, 48.47 ಮಿಲಿಮೀಟರ್. ಉಳಿದ ಉದ್ದವನ್ನು ಮತ್ತೆ ಅದೇ ಸಂಖ್ಯೆಯಿಂದ ಭಾಗಿಸುತ್ತ ಹೋದರೆ ಹನ್ನೆರಡನೆಯದು ಸರಿಯಾಗಿ ಅರ್ಧಕ್ಕೆ ಬಂದು ಕೂರುತ್ತದೆ. ಲೆಕ್ಕ ಸೊಗಸಾಗಿದೆ. ಇತ್ತ ತುಮಕೂರು ರಸ್ತೆಯಲ್ಲಿ ದಾಬಸ್‌ಪೇಟೆ ಕಡೆ ಹೋದರೆ ಸಿಂಗೋನಹಳ್ಳಿಯಲ್ಲಿ ಹಲಸಿನ ಮರದ ವೀಣೆ ಮಾಡುವವರಿದ್ದಾರೆ. ವೀಣೆಯ 24 ಮೆಟ್ಟಿಲುಗಳನ್ನು ಕೂರಿಸುವುದು ಮೇಣದ ಮೇಲೆ, ಕಿವಿಯ ಅಂದಾಜಿನಲ್ಲಿ. ಸ್ವರ ಸರಿಯಿಲ್ಲ ಎನಿಸಿದರೆ ಮೇಣ ಬಿಸಿ ಮಾಡಿ ಸ್ವಲ್ಪ ಸರಿಸಿದರಾಯಿತು. ರಾಯರಿಗೆ ಈ ಸಂಗತಿ ಹೇಳಿದೆ. "ರೋಲ್‌ಬ್ಯಾಕ್ ಇದೆ ಅನ್ನಿ!" ಎಂದು ಹೊಟ್ಟೆಕಿಚ್ಚು ಪಟ್ಟರು.

ಮರಕ್ಕೆ ಮೈಸೂರು ರಸ್ತೆಯ ಟಿಂಬರ್ ಯಾರ್ಡ್. ಅಲ್ಲಿ ಅಳತೆ ಸಿಎಫ್‌ಟಿಯಲ್ಲಿ, ಎಂದರೆ ಘನ ಅಡಿಯಲ್ಲಿ.

"ಎಷ್ಟು ಬೇಕು ಸಾರ್?"

"ಕಾಲು ಸಿಎಫ್‌ಟಿಗಿಂತ ಚೂರು ಜಾಸ್ತಿ."

"ದೇವರ ಮನೆ ಬಾಗಿಲಿಗೇ ಅದಕ್ಕಿಂತ ಹೆಚ್ಚು ಹಿಡಿಯುತ್ತೆ. ಏನಕ್ಕೆ?"

ರಾಯರು ಹೇಳಲಿಲ್ಲ. ಹಲಗೆ ಹಲಗೆಗೂ ಹೋಗಿ ಬೆರಳ ಗೆಣ್ಣಿನಿಂದ ತಟ್ಟಿ ಕಿವಿಯಿಟ್ಟು ಕೇಳತೊಡಗಿದರು. ಗೆದ್ದಲು ಹುಡುಕುತ್ತಿದ್ದಾರೆ ಎಂದುಕೊಂಡ ಮಾಲೀಕ "ನಮ್ಮ ಮಾಲು ಹಂಗಲ್ಲ ಸಾರ್" ಎಂದು ನೊಂದುಕೊಂಡ. ಇಡೀ ಮರದ ದಿಮ್ಮಿಯಂತಿರುವ ವಿದ್ಯುತ್ ಗಿಟಾರಿನಲ್ಲಿ ದನಿ ಹುಟ್ಟುವುದು ಉಕ್ಕಿನ ತಂತಿಗೂ ಅಯಸ್ಕಾಂತಕ್ಕೂ ನಡುವೆ. ಮರಕ್ಕೆ ಅದರಲ್ಲಿ ಪಾಲೆಷ್ಟು ಎಂಬ ಜಗಳ ಇಂದಿಗೂ ಮುಗಿದಿಲ್ಲ. ತೂಕದಲ್ಲಂತೂ ಮರಕ್ಕೆ ಪೂರ್ತಿ ಪಾಲಿದೆ. ಬಸವನಗುಡಿಯ ಯಾವುದೋ ಹಳೇ ಮನೆಯಿಂದ ಬಿಚ್ಚಿ ತಂದ ತೇಗದ ಬಾಗಿಲು ರಾಯರಿಗೆ ಇಷ್ಟವಾಯಿತು. ಹಳೇ ಮರ, ಚೆನ್ನಾಗಿ ಒಣಗಿದೆ, ತಟ್ಟಿದರೆ ಗಂಟೆ. ಕೊರಳಿಗೆ ನೇತುಹಾಕಿಕೊಂಡ ಮೇಲೆ ಅದು ಬಾಗಿಲೇ ಎಂದು ಬೆನ್ನಿಗೆ ಗೊತ್ತಾಯಿತು.

ಬೆರಳು ಹಲಗೆಗೆ ಮಾತ್ರ ರಾಜಿ ಇಲ್ಲ, ರೋಸ್‌ವುಡ್ಡೇ ಆಗಬೇಕು. ಅಮೆರಿಕದ ಅಂಗಡಿಯಿಂದ ತರಿಸಿದರು. ಕಸ್ಟಮ್ಸ್ ಸುಂಕ ಕಟ್ಟಿದರು. ಪೊಟ್ಟಣ ಬಿಚ್ಚಿದರೆ ಮೇಲೆ ಬರೆದಿದೆ: ಇಂಡಿಯನ್ ರೋಸ್‌ವುಡ್. ಎಂದರೆ ನಮ್ಮ ಮಲೆನಾಡಿನ ಮನೆಗಳ ಬಾಗಿಲು, ಮಂಚ, ಪೆಟ್ಟಿಗೆಗಳ ಬೀಟೆ. ಬ್ರೆಜಿಲ್‌ನ ಮರ ಸಿಗುವುದು ಕಷ್ಟವಾದ ಮೇಲೆ ಹೆಸರಾಂತ ಮಾರ್ಟಿನ್ ಕಂಪನಿ 1969ರಲ್ಲೇ ಈ ಮರಕ್ಕೆ ಬದಲಾಗಿತ್ತು. 2017ರಲ್ಲಿ ಇಡೀ ಬೀಟೆ ಕುಲವೇ ಅಂತಾರಾಷ್ಟ್ರೀಯ ವ್ಯಾಪಾರದ ಕಟ್ಟುಪಾಡಿಗೆ ಸೇರಿತು. ಮುಗಿದ ವಾದ್ಯಗಳಿಗೆ 2019ರಲ್ಲಿ ವಿನಾಯಿತಿ ಸಿಕ್ಕಿತು, ಹಲಗೆಗೆ ಇಲ್ಲ. ಘಟ್ಟದ ಮರ ವೀಸಾ ಮುದ್ರೆ ಒತ್ತಿಸಿಕೊಂಡು ಹೋಗಿ, ಡಾಲರಿನಲ್ಲಿ ಬೆಲೆ ಕಟ್ಟಿಸಿಕೊಂಡು, ವೈಟ್‌ಫೀಲ್ಡಿಗೆ ವಾಪಸು ಬಂದಿತ್ತು. ಆ ಅಪಾರ್ಟ್‌ಮೆಂಟಿನಲ್ಲಿ ಹಾಗೆ ಬಂದವರೇ ಹೆಚ್ಚಿರುವುದರಿಂದ ಯಾರಿಗೂ ವಿಚಿತ್ರ ಅನಿಸಲಿಲ್ಲ.

ಸೇತುವೆ, ಎಂದರೆ ತಂತಿಗಳ ಬಾಲ ಕಟ್ಟುವ ಲೋಹದ ತುಂಡಿಗೆ ಪೀಣ್ಯಕ್ಕೇ ಹೋಗಬೇಕು. 2023ರ ಅಕ್ಟೋಬರಿನಿಂದ ಮೆಟ್ರೋದ ನೇರಳೆ ಮಾರ್ಗ ವೈಟ್‌ಫೀಲ್ಡಿನಿಂದ ಅಡೆತಡೆಯಿಲ್ಲದೆ ಓಡುತ್ತಿದೆ. ಮೆಜೆಸ್ಟಿಕ್‌ನಲ್ಲಿ ಇಳಿದು ಹಸಿರು ಹತ್ತಿದರೆ ಪೀಣ್ಯ. ಸ್ಕ್ಯಾನರಿನಲ್ಲಿ ಚೀಲ ಹೋದಾಗ ಪರದೆ ನೋಡುತ್ತಿದ್ದ ಹೆಣ್ಣುಮಗಳು ಕರೆದಳು. "ಏನ್ ಸಾರ್ ಇದು?" "ಗಿಟಾರ್." "ತಂತಿ ಎಲ್ಲಿ?" "ಇನ್ನೂ ಹಾಕಿಲ್ಲಮ್ಮ." "ಮತ್ತೆ ಗಿಟಾರ್ ಅಂತೀರಾ?" ರಾಯರ ಇಡೀ ಕೆಲಸಕ್ಕೆ ಇದಕ್ಕಿಂತ ಚುಟುಕಾದ ವಿಮರ್ಶೆ ನಾನು ಕೇಳಿಲ್ಲ.

ಪೀಣ್ಯ ಎರಡನೇ ಹಂತದ ಒಂದು ಶೆಡ್. ಎರಡು ಲೇತ್, ಒಂದು ವಿಎಂಸಿ, ಗೋಡೆಯ ಮೇಲೆ ಹೂ ಮುಡಿದ ಚಾಮುಂಡಿ, ಪಕ್ಕದಲ್ಲಿ ಹೋದ ವರ್ಷದ ಆಯುಧಪೂಜೆಯ ಕುಂಕುಮ ಇನ್ನೂ ಅಂಟಿದ ಕಂಟ್ರೋಲ್ ಪ್ಯಾನೆಲ್. ಮಾಲೀಕರು ಡ್ರಾಯಿಂಗ್ ಬಿಡಿಸಿ, ಕನ್ನಡಕ ಏರಿಸಿ, ಬೆರಳು ಒಂದು ಕಡೆ ನಿಲ್ಲಿಸಿದರು.

"ಐದು ಮೈಕ್ರಾನ್ ಟಾಲರೆನ್ಸ್ ಹಾಕಿದ್ದೀರಿ. ಏರೋಸ್ಪೇಸಾ?"

"ಅಲ್ಲ ಸಾರ್, ಸಂಗೀತ."

"ಸಂಗೀತಕ್ಕೆ ಐದು ಮೈಕ್ರಾನ್ ಯಾಕೆ? ಬೆರಳು ಅಷ್ಟು ಕರೆಕ್ಟಾಗಿ ಬೀಳುತ್ತಾ?"

ರಾಯರು ಗೋಡೆಯ ಚಾಮುಂಡಿಯನ್ನು ನೋಡಿದರು.

"ಆಯ್ತು. ಕ್ವಾಂಟಿಟಿ?"

"ಒಂದು."

"ಒಂದು ಸಾವಿರ?"

"ಒಂದೇ."

ಲೇತ್ ಮುಂದಿದ್ದ ಹುಡುಗ ತಲೆ ಎತ್ತಿ ನೋಡಿದ. ಪೀಣ್ಯದಲ್ಲಿ ಒಂದು ಎಂಬ ಸಂಖ್ಯೆ ಸ್ಯಾಂಪಲ್‌ಗೆ ಮಾತ್ರ. ಸ್ಯಾಂಪಲ್ ಹಿಂದೆ ಆರ್ಡರ್ ಇರುತ್ತದೆ, ಆರ್ಡರ್ ಹಿಂದೆ ತೊಂಬತ್ತು ದಿನಕ್ಕೆ ಬರುವ ಪೇಮೆಂಟ್ ಇರುತ್ತದೆ. ಹಿಂದೆ ಏನೂ ಇಲ್ಲದ ಒಂದನ್ನು ಅವರು ಕಂಡಿರಲಿಲ್ಲ. ಮಾಲೀಕರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಸೆಟ್ಟಿಂಗ್ ಚಾರ್ಜೇ ನಿಮ್ಮ ಗಿಟಾರಿಗಿಂತ ಜಾಸ್ತಿ ಆಗುತ್ತೆ. ಊಟದ ಟೈಮಲ್ಲಿ ಮೆಷಿನ್ ಖಾಲಿ ಇರುತ್ತೆ, ಸ್ಕ್ರ್ಯಾಪ್ ಹಿತ್ತಾಳೆ ಇದೆ. ಹುಡುಗರಿಗೆ ಟೀ ಕೊಡಿಸಿ" ಎಂದರು.

ಗದಗ ಕಡೆಯ ಆ ಹುಡುಗ ಡಬ್ಬಿ ಅರ್ಧಕ್ಕೆ ಮುಚ್ಚಿಟ್ಟು ಎದ್ದ. ಹಿತ್ತಾಳೆ ತುಂಡನ್ನು ವೈಸಿನಲ್ಲಿ ಕಚ್ಚಿಸಿ, ಡಯಲ್ ಗೇಜ್ ಓಡಿಸಿ, ಮುಳ್ಳು ಅಲುಗದಷ್ಟು ಮಟ್ಟ ಮಾಡಿ, ಕೂಲಂಟ್ ಬಿಟ್ಟ. ರಾಯರು ಯುಟಿಲಿಟಿಯಲ್ಲಿ ಫೈಲು ಹಿಡಿದು ಮೂರು ವಾರಾಂತ್ಯ ಸೋತಿದ್ದ ಕೆಲಸ ಅವನ ಅನ್ನ ಆರುವ ಮೊದಲೇ ಮುಗಿಯಿತು. ತುಂಡನ್ನು ಒರೆಸಿ ಕೊಡುವ ಮುಂಚೆ ಹೆಬ್ಬೆರಳನ್ನು ಅಂಚಿನ ಮೇಲೆ ಎಳೆದು ನೋಡಿ, ಸಣ್ಣ ಫೈಲ್ ತೆಗೆದುಕೊಂಡು ಸುತ್ತಲೂ ಒಂದು ಸಲ ಆಡಿಸಿದ. "ಡ್ರಾಯಿಂಗ್‌ನ್ಯಾಗ ಇರಲಿಲ್ರೀ. ಕೈಗೆ ಚುಚ್ಚತೈತಿ ಅಂತ ಬರ್ ತೆಗ್ದೀನಿ." ಮತ್ತೆ ಡಬ್ಬಿ ಬಿಚ್ಚಿದ.

ರಾಯರು ಆ ಹಿತ್ತಾಳೆಯ ಫೋಟೋ ಹಾಕಿ ಕೆಳಗೆ ಇಂಗ್ಲಿಷಿನಲ್ಲಿ ಕುಸುರಿ, ಧ್ಯಾನ, ನಿಧಾನದ ಬದುಕು ಎಂದೆಲ್ಲ ಬರೆದರು. ಮುನ್ನೂರು ಲೈಕ್ ಬಂದವು. ಹುಡುಗ ಮಧ್ಯಾಹ್ನದ ಪಾಳಿಯಲ್ಲಿ ವಾಲ್ವ್ ಬಾಡಿ ತಿರುವುತ್ತಿದ್ದ. ಅದರ ಫೋಟೋ ಯಾರೂ ತೆಗೆಯಲಿಲ್ಲ.

ಅಲ್ಲೇ ಹತ್ತಿರ ಮೋಟಾರ್ ವೈಂಡಿಂಗ್ ಅಂಗಡಿ. ಪಿಕಪ್ಪಿಗೆ, ಎಂದರೆ ತಂತಿಯ ಕಂಪನ ಹಿಡಿಯುವ ಅಯಸ್ಕಾಂತದ ಸುರುಳಿಗೆ, ಕೂದಲೆಳೆಯ ದಪ್ಪದ, 42 ಗೇಜಿನ ಎನಾಮಲ್ ತಾಮ್ರದ ತಂತಿ ಬೇಕು, ಸುಮಾರು ಹತ್ತು ಸಾವಿರ ಸುತ್ತು. ಬೋರ್‌ವೆಲ್ ಮೋಟಾರು ಬಿಚ್ಚುತ್ತಿದ್ದ ಯಜಮಾನರು ಕೇಳಿಸಿಕೊಂಡು, "ಇಷ್ಟೆಲ್ಲ ಸುತ್ತಿದ ಮೇಲೆ ಏನು ತಿರುಗುತ್ತೆ?" ಎಂದರು. ಏನೂ ತಿರುಗುವುದಿಲ್ಲ ಎಂದು ರಾಯರು ಒಪ್ಪಿಕೊಳ್ಳಬೇಕಾಯಿತು.

ಎಸ್.ಪಿ. ರಸ್ತೆಯಿಂದ ಪಾಟು, ಕೆಪಾಸಿಟರು, ಜಾಕು ತಂದು ಬೆಸುಗೆ ಹಾಕಿ ಮೊದಲ ಸಲ ಆಂಪ್ಲಿಫೈಯರಿಗೆ ಜೋಡಿಸಿದ ರಾತ್ರಿ ಗುಂಯ್ ಎಂಬ ಒಂದೇ ದನಿ. ಅರ್ಥಿಂಗ್ ಸರಿ ಕೊಟ್ಟಿರಲಿಲ್ಲ. ರಾಯರು ಎದೆಗುಂದಲಿಲ್ಲ, ಟ್ಯೂನರ್ ಆಪ್ ತೆರೆದು ಹಿಡಿದರು. ಬೇಸಿನ ಅತಿ ದಪ್ಪ ತಂತಿಯ ಮೂರನೇ ಮನೆಯಲ್ಲಿ ಬರುವ ಜಿ ಸ್ವರ 49 ಹರ್ಟ್ಸ್. ಗೋಡೆಯ ಪ್ಲಗ್ಗಿನಿಂದ ಬರುವ ಕರೆಂಟು 50 ಹರ್ಟ್ಸ್. ಎಂದರೆ ಇಡೀ ದೇಶದ ವಿದ್ಯುತ್ ಜಾಲ ಹಗಲೂ ರಾತ್ರಿ ಚೂರು ಏರಿದ ಜಿ ಶ್ರುತಿಯಲ್ಲಿ ಮೊಳಗುತ್ತಿದೆ, ನಮಗೆ ಗೊತ್ತಿರಲಿಲ್ಲ. ಈ ಶೋಧವನ್ನು ಹೆಂಡತಿಗೆ ಹೇಳಲು ಓಡಿದರು. ಅಷ್ಟರಲ್ಲಿ ಕೆಳಗಿನ ಮನೆಯ ಆಂಟಿ ಇಂಟರ್‌ಕಾಮ್ ಮಾಡಿದ್ದರು. "ನಿಮ್ಮನೇಲಿ ನೀರಿನ ಮೋಟಾರ್ ಆಫ್ ಮಾಡೋದು ಮರೆತಿದ್ದೀರಾ?" ಬೇಸ್ ಮುಂದೆ ಅರ್ಥಿಂಗ್ ಪಡೆದು, ಶ್ರುತಿ ಕೂಡಿ, ರಾಯರು ತಪ್ಪಿಲ್ಲದೆ ಒಂದು ಸ್ವರಪಂಕ್ತಿ ನುಡಿಸಿದ ದಿನವೂ ಅವರು ಇದನ್ನೇ ಕೇಳಿದರು. ಮಂದ್ರದ ದನಿಗೆ ಗೋಡೆ ಅಡ್ಡವಲ್ಲ.

ಇನ್ನು ಪಾಲಿಶ್. ಮಾಡುವುದಷ್ಟೇ ಆಗಿದ್ದರೆ ರಾಯರು ಇಷ್ಟೊತ್ತಿಗೆ ಮನುಷ್ಯರ ಸಾಲಿಗೆ ಮರಳಿರುತ್ತಿದ್ದರು. ಮುಗಿಸುವುದು ಬೇರೆಯೇ ರೋಗ. 80 ನಂಬರಿನ ಎಮರಿ ಪೇಪರಿನಿಂದ ಹೊರಟು 120, 180, 240, 320, 400 ಎಂದು ಏರುತ್ತ ಹೋದರು. ತೇಗದ ಪುಡಿ ಮೊದಲು ವಾಷಿಂಗ್ ಮೆಷಿನ್ ಮೇಲೆ, ಆಮೇಲೆ ಮಗಳ ಶಾಲೆಯ ಯೂನಿಫಾರ್ಮಿನ ಮೇಲೆ, ಕೊನೆಗೆ ಹುಳಿಯಲ್ಲಿ ಕಾಣಿಸಿಕೊಂಡಿತು. ಆರ್ಬಿಟಲ್ ಸ್ಯಾಂಡರ್, ರೌಟರ್, ಕ್ಲ್ಯಾಂಪುಗಳು ಒಂದೊಂದಾಗಿ ಮನೆ ಸೇರಿ, ಮೂಗಿಗಿಂತ ಮೂಗುತಿ ಭಾರವಾಯಿತು. ಸೆಪ್ಟೆಂಬರಿನ ಮಳೆ ಹಿಡಿದಿದ್ದಾಗ ಲ್ಯಾಕರ್ ಹೊಡೆದರು. ಥಿನ್ನರ್ ಬೇಗ ಆರಿ ಮೇಲ್ಮೈ ತಣ್ಣಗಾಗುತ್ತದೆ, ತಣ್ಣಗಾದಲ್ಲಿ ಗಾಳಿಯ ತೇವ ಕೂರುತ್ತದೆ, ತೇವ ಕೂತಲ್ಲಿ ಲ್ಯಾಕರ್ ಬೆಳ್ಳಗಾಗುತ್ತದೆ. ಬೆಳಿಗ್ಗೆ ನೋಡಿದರೆ ಬೇಸಿಗೆ ಬೂದಿ ಬಳಿದಂತಿತ್ತು. ಕೆರೆದು ಮತ್ತೆ 80ರಿಂದ.

ಪೀಣ್ಯದ ಪೌಡರ್ ಕೋಟಿಂಗ್‌ನವರು ಸಹಾಯಕ್ಕೆ ಮುಂದೆ ಬಂದರು. "ಕೊಡಿ ಸಾರ್, ಓವನ್‌ಗೆ ಹಾಕಿ 200 ಡಿಗ್ರೀಲಿ ಬೇಯಿಸಿಬಿಡೋಣ, ಹತ್ತು ವರ್ಷ ಏನೂ ಆಗಲ್ಲ." ಮರ ಎಂದ ಮೇಲೆ ಕೈಬಿಟ್ಟರು.

ಕಡೆಗೆ ಉದ್ಧಾರ ಮಾಡಿದ್ದು ವರ್ತೂರು ರಸ್ತೆಯ ಟಿಂಕರಿಂಗ್ ಗ್ಯಾರೇಜಿನ ಪೇಂಟರು. ಗೀಚಿದ ಬಂಪರುಗಳಿಗೆ ಡ್ಯೂಕೋ ಹೊಡೆಯುವವರು. ಸ್ಕೂಟರಿನ ಕೆಂಪು ಮಿಕ್ಕಿತ್ತು. "ಅದೇ ಹೊಡೀಲಾ?" ಎಂದಾಗ ರಾಯರಿಗೆ ಅಳು ಬರುವಂತಾಯಿತು, ಸಂತೋಷಕ್ಕೆ. ಏಕೆಂದರೆ ಫೆಂಡರ್ ಕಾರ್ಖಾನೆಯವರು ಬಣ್ಣದ ಗಿಟಾರುಗಳಿಗೆ ಬಳಸಿದ್ದು ಡ್ಯೂಪಾಂಟ್ ಕಂಪನಿಯ ಕಾರಿನ ಬಣ್ಣಗಳನ್ನೇ. ಗಿಟಾರು ಪ್ರಿಯರು ಕಣ್ಣಿಗೊತ್ತಿಕೊಳ್ಳುವ ಫಿಯೆಸ್ಟಾ ರೆಡ್ 1956ರ ಫೋರ್ಡ್ ಥಂಡರ್‌ಬರ್ಡ್ ಕಾರಿನ ಮೇಲಿದ್ದ ಕೆಂಪು. ಕ್ಯಾಲಿಫೋರ್ನಿಯಾದ ಸಂಪ್ರದಾಯ ವರ್ತೂರಿನಲ್ಲಿ ಹೀಗೆ ಅಖಂಡವಾಗಿ ಉಳಿದಿದೆ. ಪೇಂಟರು ಬೇಸನ್ನು ಬೇವಿನ ಕೊಂಬೆಗೆ ನೇತುಹಾಕಿ, ಎರಡು ಬಂಪರುಗಳ ನಡುವಿನ ಬಿಡುವಿನಲ್ಲಿ ಮೂರು ಕೋಟ್ ಹೊಡೆದು ಕೊಟ್ಟರು. ಹಲ್ಲು ಕಾಣುವಷ್ಟು ಹೊಳಪು.

"ಎಲ್ಲಾ ನಾನೇ ಮಾಡಿದ್ದು" ಎಂದು ರಾಯರು ಇವತ್ತಿಗೂ ಹೇಳುತ್ತಾರೆ. ಅದು ಸುಳ್ಳಲ್ಲ. ಎಲ್ಲ ಕಡೆಗೂ ಹೋಗಿದ್ದು ಅವರೇ.

ನಾಲ್ಕು ತಂತಿ ಬಿಗಿದರೆ ಕತ್ತಿನ ಮೇಲೆ ಸುಮಾರು 80 ಕೆಜಿ ಎಳೆತ. ಅದನ್ನು ತಡೆಯಲು ಒಳಗೆ ಉಕ್ಕಿನ ಸರಳು ಇದ್ದರೂ, ಸ್ವರ ತಪ್ಪಿದಾಗಲೆಲ್ಲ ರಾಯರು ಕೊರಳನ್ನು ಕಣ್ಣಿಗೆ ನೇರ ಹಿಡಿದು ಒಂದು ಕಣ್ಣು ಮುಚ್ಚಿ ನೋಡುತ್ತಾರೆ. ನುಡಿಸಲಾರದವರಿಗೆ ನೆಕ್ ಡೊಂಕು. ತಿಪಟೂರಿನಿಂದ ಬಂದಿದ್ದ ತಂದೆಯವರು ಇದನ್ನು ಎರಡು ದಿನ ನೋಡಿ, ಮೂರನೇ ದಿನ ಕಾಫಿ ಹೀರುತ್ತ ಕೇಳಿದರು.

"ಇದರಲ್ಲಿ ಹಾಡು ಬರುತ್ತೇನಪ್ಪ?"

"ಹಾಡು ಬೇರೆಯವರು ಹಾಡ್ತಾರಪ್ಪ. ಇದು ಅದಕ್ಕೆ ಆಧಾರ."

"ಓಹೋ." ಇನ್ನೊಂದು ಗುಟುಕು. "ಹಾಡೋರು ಯಾವಾಗ ಬರ್ತಾರೆ?"

ಹಾಡುವವರು ನವೆಂಬರಿನಲ್ಲಿ ಬಂದರು. ಕ್ಲಬ್‌ಹೌಸಿನ ರಾಜ್ಯೋತ್ಸವದಲ್ಲಿ ಅಪಾರ್ಟ್‌ಮೆಂಟಿನ ಬ್ಯಾಂಡು. ಸೌಂಡಿನ ಹುಡುಗ ರಾಯರ ಕೇಬಲ್ ಹಿಡಿದು "ಇದು ಲೀಡಾ ಸಾರ್?" ಎಂದ. "ಬೇಸ್." "ಬೇಸಾ? ತಲೆ ಕೆಡಿಸ್ಕೋಬೇಡಿ, ನಮ್ಮ ಸಬ್‌ವೂಫರ್ ಜೋರಾಗಿದೆ, ಕೊಡುತ್ತೆ" ಎಂದು ಕೇಬಲನ್ನು ಪಕ್ಕಕ್ಕಿಟ್ಟು ಹೋದ. ರಾಯರು ಅವನನ್ನು ಕರೆಯಬಹುದಿತ್ತು. ಕರೆಯಲಿಲ್ಲ. ಮೂರು ಹಾಡಿಗೂ ಕಣ್ಣು ಮುಚ್ಚಿ, ತಲೆ ಆಡಿಸುತ್ತ, ಎಲ್ಲೂ ಒಂದು ಸ್ವರವೂ ತಪ್ಪದಂತೆ ನುಡಿಸಿದರು. ಕೆಂಪು ಬಣ್ಣ ಬಹಳ ಚೆನ್ನಾಗಿದೆ ಎಂದು ಎಲ್ಲರೂ ಹೇಳಿದರು.

ಮೊನ್ನೆ ಅವರ ಮನೆಗೆ ಊಟಕ್ಕೆ ಹೋಗಿದ್ದೆ. ಮುಂದಿನದು ಐದು ತಂತಿಯದಂತೆ, ಎಕ್ಸೆಲ್ ಆಗಲೇ ಸಿದ್ಧವಾಗಿತ್ತು. ಮಾತಾಡುತ್ತ ಆಡುತ್ತ ಮಜ್ಜಿಗೆ ಲೋಟ ಪಕ್ಕಕ್ಕೆ ಸರಿಸಿ, ಊಟದ ಮೇಜಿನ ಅಂಚನ್ನು ಗೆಣ್ಣಿನಿಂದ ತಟ್ಟಿ, ಬಗ್ಗಿ ಕಿವಿಯಿಟ್ಟರು. ಅಡುಗೆಮನೆಯೊಳಗಿಂದ ಅವರ ಮನೆಯವರ ದನಿ ಬಂತು: "ಅದು ನಮ್ಮಪ್ಪ ಕೊಡಿಸಿದ್ದು."