ಕೇಪಿನ ಕೋವಿಯ ನಾಡಿ ನೋಡಿ

ಶಿಕಾರಿಪುರ, ಸೊರಬದ ಕಡೆ ಹಳೆಯ ಕೋವಿಗಳಿಗೆ ಕೆಲಸ ಕಡಿಮೆ, ಕಾಯಿಲೆ ಜಾಸ್ತಿ. ನಮ್ಮ ದೊಡ್ಡಪ್ಪನದು ಬೆಳೆ ರಕ್ಷಣೆಯ ಲೈಸೆನ್ಸಿನ ಒಂಟಿ ನಳಿಗೆಯ ಕೇಪಿನ ಕೋವಿ. 1972ರ ವನ್ಯಜೀವಿ ಕಾಯ್ದೆಯ ನಂತರ ಅನುಮತಿಯಿಲ್ಲದೆ ಹಂದಿಯನ್ನೂ ಹೊಡೆಯುವ ಹಾಗಿಲ್ಲ. ಹೀಗಾಗಿ ಗುಂಡಿಲ್ಲದೆ ಬರೀ ಮದ್ದು ತುಂಬಿ ಸದ್ದು ಮಾಡುವುದಷ್ಟೇ ಅದರ ಉದ್ಯೋಗ. ಅದನ್ನೂ ಮಾಡದೆ "ಟಿಕ್" ಎಂದು ಸುಮ್ಮನಾಗುವುದು ಅದರ ಚಾಳಿ.

ಟಿಕ್ ಎಂದೊಡನೆ ನಳಿಗೆಯನ್ನು ಯಾರೂ ಇಲ್ಲದ ಕಡೆಗೇ ಹಿಡಿದು ಒಂದು ನಿಮಿಷ ಕಾಯಬೇಕೆಂಬುದು ದೊಡ್ಡಪ್ಪನ ಕಟ್ಟಪ್ಪಣೆ. ಒಳಗೆಲ್ಲೋ ಕಿಡಿ ಉಳಿದಿದ್ದರೆ ಈಡು ತಡವಾಗಿ ಹಾರೀತು. ಅಂಗಳದಲ್ಲಿ ವೈದ್ಯರು ಹುಟ್ಟುವುದು ಆ ಒಂದು ನಿಮಿಷದಲ್ಲೇ. "ಕೇಪು ಥಂಡಿ ಹಿಡಿದಿದೆ" ಎನ್ನುತ್ತಾರೆ ಪಕ್ಕದ ತೋಟದವರು. "ಸ್ಪ್ರಿಂಗ್ ಸೋತಿದೆ" ಎನ್ನುತ್ತಾನೆ ಪಂಪ್‌ಸೆಟ್ ರಿಪೇರಿಯವನು. ದೊಡ್ಡಮ್ಮನ ಪ್ರಕಾರ ದೃಷ್ಟಿ ತಾಗಿದೆ.

ದೊಡ್ಡಪ್ಪನ ವೈದ್ಯ ಮಾತ್ರ ಶಾಸ್ತ್ರೋಕ್ತ. ಕೇಪು ಸಿಡಿಯದಿದ್ದರೆ ದೋಷ ಹೊರಗಿನದು: ಕೇಪು ಹಾಳಾಗಿರಬೇಕು, ಇಲ್ಲವೇ ಕೇಪಿಗೆ ಬಡಿಯುವ ಕುದುರೆಯ ಪೆಟ್ಟು ಸಾಲದು. ಎರಡನೇ ಪೆಟ್ಟಿಗೆ ಸಿಡಿದರೆ ಕೇಪು ಮೊದಲು ಸರಿಯಾಗಿ ಕೂತಿರಲಿಲ್ಲ. ಸಿಡಿದೂ ಈಡು ಹಾರದಿದ್ದರೆ ದೋಷ ಒಳಗಿನದು: ಕಿಡಿ ಇಳಿಯುವ ತೂತು ಕಟ್ಟಿದೆ, ಅಥವಾ ಮದ್ದು ನೆಂದಿದೆ. ಹಳೆಯ ಕೇಪಿನ ರಿವಾಲ್ವರಿಗೂ ಇವೇ ಕಾಯಿಲೆಗಳು. ಆದರೆ ಅದಕ್ಕೆ ಐದಾರು ಕೋಣೆ. ಒಂದು ಕೈಕೊಟ್ಟರೆ ಇನ್ನೊಂದು ತಿರುಗಿ ಬರುತ್ತದೆ. ನಮ್ಮದು ಒಂದೇ ಕೇಪಿನ ಸಂಸಾರ. ಟಿಕ್ ಕೇಳಿದ ಮಂಗ ನಿಶ್ಚಿಂತೆಯಿಂದ ಎರಡನೇ ಬಾಳೆಹಣ್ಣಿಗೆ ಕೈ ಹಾಕುತ್ತದೆ.

ಇದಕ್ಕೆಲ್ಲ ಮೂಲಪುರುಷ ಸ್ಕಾಟ್ಲೆಂಡಿನ ಪಾದ್ರಿ ಅಲೆಕ್ಸಾಂಡರ್ ಫೋರ್ಸೈತ್. ಕಲ್ಲುಕಿಡಿಯ ಕೋವಿಯ ಹೊಗೆ ಕಂಡೊಡನೆ ಹಕ್ಕಿಗಳು ಪರಾರಿಯಾಗುತ್ತಿದ್ದವಂತೆ. ಆತ ಪೆಟ್ಟಿಗೇ ಸಿಡಿಯುವ ಮದ್ದಿನ ಉಪಾಯ ಹುಡುಕಿ 1807ರಲ್ಲಿ ಪೇಟೆಂಟ್ ಪಡೆದ. ತಾಮ್ರದ ಕೇಪು ಆಮೇಲೆ ಬಂತು. ಪಾದ್ರಿ ಒಂದು ಆಷಾಢವನ್ನು ಸೊರಬದಲ್ಲಿ ಕಳೆದಿದ್ದರೆ ಪೇಟೆಂಟಿನ ಜೊತೆಗೆ ಮಳೆಗಾಲದ ಥಂಡಿ ಕಳೆಯುವ ಹೊಗೆ ಅಟ್ಟವನ್ನೂ ಸೇರಿಸುತ್ತಿದ್ದ.

ಕೋವಿಗೆ ನಿಜವಾದ ವಿಶ್ರಾಂತಿ ಚುನಾವಣೆಯಲ್ಲಿ. ನೀತಿಸಂಹಿತೆ ಬಂತೆಂದರೆ ಅದು ಠಾಣೆಗೆ ಜಮಾ. 2018ರ ಮೇನಲ್ಲಿ ವಿಧಾನಸಭೆ, ನವೆಂಬರಿನಲ್ಲಿ ಶಿವಮೊಗ್ಗ ಲೋಕಸಭೆಯ ಉಪಚುನಾವಣೆ, 2019ರ ಏಪ್ರಿಲಿನಲ್ಲಿ ಮತ್ತೆ ಲೋಕಸಭೆ: ವರ್ಷ ತುಂಬುವುದರೊಳಗೆ ಮೂರು ಮತದಾನ! ಉಪಚುನಾವಣೆಯ ಹೊತ್ತಿಗೆ ಭತ್ತ ತೆನೆಗಟ್ಟಿತ್ತು. ಹಂದಿಗಳಿಗೆ ನೀತಿಸಂಹಿತೆ ಅನ್ವಯಿಸುವುದಿಲ್ಲ. ದೊಡ್ಡಪ್ಪ ಠಾಣೆಯ ರಶೀದಿಯನ್ನು ಜೇಬಿನಲ್ಲಿಟ್ಟುಕೊಂಡು, ಎಣ್ಣೆಯ ಖಾಲಿ ಡಬ್ಬ ಬಡಿಯುತ್ತ ಗದ್ದೆ ಕಾದರು. ಡಬ್ಬಕ್ಕೆ ಕೇಪು ಬೇಡ, ಮದ್ದು ಬೇಡ, ಮಳೆಯಲ್ಲೂ ಸದ್ದು ತಪ್ಪುವುದಿಲ್ಲ. ಹಂದಿಗಳೂ ಓಡಿದವು.

"ಹಂಗಾದ್ರೆ ಲೈಸೆನ್ಸ್ ವಾಪಸ್ ಕೊಟ್ಟುಬಿಡಬಹುದಲ್ಲ ದೊಡ್ಡಪ್ಪ?" ಎಂದೆ.

"ಡಬ್ಬ ಇಟ್ಕೊಂಡೋರಿಗೆ ಎಲೆಕ್ಷನ್ ಬಂದಾಗ ಠಾಣೆಯಿಂದ ಫೋನ್ ಬರ್ತದೇನೋ?" ಎಂದರು.