ತ್ರಾಸಿ ಮೇಲೆ ಬರುವ ಹೊಸ ವರ್ಷ

ಗಂಗೊಳ್ಳಿಯಲ್ಲಿ ಹೊಸ ವರ್ಷಕ್ಕೆ ಬರಗಾಲವಿಲ್ಲ. ಜನವರಿ ಒಂದು ಎಲ್ಲರಿಗೂ ಇದ್ದದ್ದೇ. ಕೊಂಕಣಿಯವರ ಸಂಸಾರ ಪಾಡ್ವೊ ಕಳೆದು, ಬೇವಿನ ಕಹಿ ನಾಲಗೆಯಿಂದ ಇಳಿಯುವಷ್ಟರಲ್ಲಿ ಏಪ್ರಿಲ್ ನಡುವಿಗೆ ಸೌರಮಾನದವರ ಯುಗಾದಿ ಬಂದು ನಿಲ್ಲುತ್ತದೆ. ಮುಸ್ಲಿಮರ ಹಿಜರಿ ವರ್ಷ ಪ್ರತಿ ಸಲ ಸುಮಾರು 11 ದಿನ ಮುಂಚೆಯೇ ಬರುವ ಶಿಸ್ತಿನ ಅತಿಥಿ. ದೀಪಾವಳಿಗೆ ಅಂಗಡಿಯವರು ಹೊಸ ಲೆಕ್ಕದ ಪುಸ್ತಕಕ್ಕೆ ಕುಂಕುಮ ಹಚ್ಚುತ್ತಾರೆ. ಬ್ಯಾಂಕಿನವರ ಹೊಸ ವರ್ಷ ಏಪ್ರಿಲ್ 1ಕ್ಕೆ. ಅದಕ್ಕೆ ಪೂಜೆ ಇಲ್ಲ, ನೋಟಿಸು ಮಾತ್ರ. ಇವೆಲ್ಲದರ ಮೇಲೆ ಆಗಸ್ಟ್ 1 ಒಂದಿದೆ. ಅದರ ಮಾತು ಆಮೇಲೆ.

ಹೀಗಾಗಿ ನಮ್ಮೂರಲ್ಲಿ ಸಂಕಲ್ಪ ಮುರಿದವನು ಇಡೀ ವರ್ಷ ಪಶ್ಚಾತ್ತಾಪ ಪಡಬೇಕಿಲ್ಲ. ಜನವರಿಯಲ್ಲಿ ಬಿಟ್ಟ ಬೀಡಿಯನ್ನು ಯುಗಾದಿಗೆ ಮತ್ತೆ ಬಿಡಬಹುದು. ನಮ್ಮ ನೆರೆಯವರೊಬ್ಬರು ಎಲ್ಲ ಧರ್ಮದವರ ಹೊಸ ವರ್ಷಕ್ಕೂ ತಪ್ಪದೆ ಬೀಡಿ ಬಿಡುತ್ತಾರೆ. ಇಷ್ಟು ಜಾತ್ಯತೀತವಾಗಿ ಬೀಡಿ ಬಿಟ್ಟವರನ್ನು ನಾನು ಬೇರೆಲ್ಲೂ ಕಂಡಿಲ್ಲ.

ನಮ್ಮ ಮನೆಯದು ಸೌರಮಾನ. ಅಬ್ಬಿ, ಅಂದರೆ ಅಮ್ಮ, ಹಿಂದಿನ ರಾತ್ರಿಯೇ ದೇವರೆದುರು ಕಣಿ ಇಡುತ್ತಾಳೆ: ಅಕ್ಕಿ, ತೆಂಗಿನಕಾಯಿ, ಸೌತೆಕಾಯಿ, ಹಣ್ಣು, ಕತ್ತಿನ ಸರ, ಎಲ್ಲದರ ಹಿಂದೆ ಒಂದು ಕನ್ನಡಿ. ಬೆಳಿಗ್ಗೆ ಕಣ್ಣು ಮುಚ್ಚಿಸಿ ಕರೆತಂದು ಕೂರಿಸಿ ಕಣ್ಣು ಬಿಡಿಸಿದರೆ ಮೊದಲು ಕಾಣುವುದು ನಿದ್ದೆ ಹರಿಯದ ನಮ್ಮದೇ ಮುಖ. ಅದನ್ನೂ ಶುಭವಸ್ತುಗಳ ಸಾಲಿಗೆ ಸೇರಿಸಿದ ಹಿರಿಯರ ಔದಾರ್ಯ ದೊಡ್ಡದು.

ಆಮೇಲೆ ಪಂಚಾಂಗ. ಒಂದು ವರ್ಷ ನನ್ನ ರಾಶಿಗೆ ಆಯ 2, ವ್ಯಯ 14 ಎಂದು ಬರೆದಿತ್ತು. ಎರಡು ರೂಪಾಯಿ ದುಡಿಯುವವನು ಹದಿನಾಲ್ಕು ಖರ್ಚು ಮಾಡುವುದಾದರೂ ಹೇಗೆ, ಉಳಿದ ಹನ್ನೆರಡು ಯಾರ ಗಂಟು ಎಂದು ಕೇಳಿದೆ. ಪಂಚಾಂಗದಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಅಬ್ಬಿಯ ಬಳಿ ಇತ್ತು.

“ಅದ್ ದೇವ್ರ್ ಕೊಡೂದ್ ಮಗಾ. ಇಲ್ದಿರೆ ಅವ ಮತ್ತೆಂತಕ್ ಇಪ್ದ್?”

ದೇವರ ಅನುಗ್ರಹವೆಂದರೆ ಆಯ-ವ್ಯಯದ ನಡುವಿನ ಕೊರತೆ ಎಂಬ ಈ ಸಿದ್ಧಾಂತವನ್ನು ಯಾವ ಆಚಾರ್ಯರೂ ಇಷ್ಟು ಸ್ಪಷ್ಟವಾಗಿ ಹೇಳಿದ್ದು ನಾನು ಕೇಳಿಲ್ಲ. 2020ರಲ್ಲಿ ಇದು ಪರೀಕ್ಷೆಗೂ ಒಳಗಾಯಿತು. ಆ ವರ್ಷದ ಚಾಂದ್ರಮಾನ ಯುಗಾದಿ ಮಾರ್ಚ್ 25ಕ್ಕೆ, ಅಂದರೆ ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡ ಮೊದಲ ದಿನಕ್ಕೇ ಬಿತ್ತು. ಆಯ ಹದಿನಾಲ್ಕಿದ್ದವರೂ ಎರಡಿದ್ದವರೂ ತಂತಮ್ಮ ಜಗಲಿಯಲ್ಲಿ ಒಂದೇ ನಮೂನೆ ಕೂತರು. ಬೇವಿಗೆ ಬೆಲ್ಲ ತರಲು ಹೊರಟವರಿಗೆ ಬೇವಷ್ಟೇ ಗತಿಯಾಯಿತು.

ಜನವರಿಯ ಹೊಸ ವರ್ಷದಲ್ಲಿ ಇಂಥ ಲೆಕ್ಕಾಚಾರವಿಲ್ಲ. ಡಿಸೆಂಬರ್ 31ರ ರಾತ್ರಿ ಕೊಸೆಸಾಂವ್ ಮಾತೆಯ ಇಗರ್ಜಿಯಲ್ಲಿ ಪೂಜೆ ಮುಗಿಸಿ ಬರುವ ಪಕ್ಕದ ಮನೆಯ ಬಾಯಮ್ಮ, ಬೆಳಿಗ್ಗೆ ಕ್ರಿಸ್ಮಸ್ ತಿಂಡಿ ಕುಸ್ವಾರಿನ ಡಬ್ಬಿಯ ತಳದಲ್ಲಿ ಉಳಿದ ನೆವ್ರಿ, ಕಿಡಿಯೊಗಳನ್ನು ನಮ್ಮ ಮನೆಗೆ ದಾಟಿಸುತ್ತಾರೆ. ಕ್ರಿಸ್ಮಸ್ಸಿನಿಂದ ಒಂದು ವಾರ ಕಳೆದ ಕಿಡಿಯೊಗೆ ಹಲ್ಲಿನ ಮೇಲೆ ಸ್ವಲ್ಪ ಹಟ ಇರುತ್ತದೆ. ಆಶೀರ್ವಾದವೆಂದು ಅಗಿಯಬೇಕು.

ನಮ್ಮೂರನ್ನು ಕಾಣದವರಿಗೆ ಇಲ್ಲಿ ಒಂದು ವಿಷಯ ಹೇಳಬೇಕು. ಗಂಗೊಳ್ಳಿ ಬಂದರಿನಲ್ಲಿ ನಿಂತರೆ ಹೊಳೆಯಾಚೆ ಕುಂದಾಪುರ ಕಾಣುತ್ತದೆ. ಆದರೆ ಬಸ್ಸಿನಲ್ಲಿ ಹೋಗುವವನು ಮೊದಲು ಕುಂದಾಪುರಕ್ಕೆ ಬೆನ್ನು ಹಾಕಿ ಬಡಗಿಗೆ ಹೊರಡಬೇಕು. ಗುಜ್ಜಾಡಿ ದಾಟಿ ತ್ರಾಸಿ. ಅಲ್ಲಿ ಹೆದ್ದಾರಿ 66 ಹಿಡಿದು ತೆಂಕಿಗೆ ತಿರುಗಿ ಮುಳ್ಳಿಕಟ್ಟೆ, ಹೆಮ್ಮಾಡಿ, ತಲ್ಲೂರು, ಆಮೇಲೆ ಕುಂದಾಪುರ. ಹೊಳೆಗೆ ಅಡ್ಡ ಸೇತುವೆ ಬೇಕೆಂಬ ಬೇಡಿಕೆ ಎಷ್ಟೋ ಚುನಾವಣೆಗಳನ್ನು ಕಂಡಿದೆ. ನಿರೀಕ್ಷೆಯ ಲೆಕ್ಕದಲ್ಲಿ ನೋಡಿದರೆ ಚುನಾವಣೆಯೂ ನಮಗೊಂದು ಹೊಸ ವರ್ಷವೇ.

ಇದಕ್ಕೆ ಸರಕಾರವೊಂದನ್ನೇ ದೂರಿ ಫಲವಿಲ್ಲ, ಮಣ್ಣಿನ ಗುಣವೇ ಹಾಗೆ. ಸೌಪರ್ಣಿಕೆಯನ್ನೇ ನೋಡಿ. ಕೊಡಚಾದ್ರಿಯ ಕಡೆಯಿಂದ ಇಳಿದು, ಕೊಲ್ಲೂರಿನಲ್ಲಿ ಮೂಕಾಂಬಿಕೆಯನ್ನು ಕಂಡು ಮರವಂತೆಗೆ ಬರುವಾಗ ಕಡಲು ಒಂದು ರಸ್ತೆಯಷ್ಟು ದೂರ. ಅಲೆಯ ಸದ್ದು ಕೇಳುತ್ತದೆ. ಬೇರೆ ಹೊಳೆಯಾಗಿದ್ದರೆ ಅಲ್ಲೇ ಧುಮುಕಿ ಕೆಲಸ ಮುಗಿಸುತ್ತಿತ್ತು. ಇದು ಮಾತ್ರ ಕಡಲಿನ ಬದಿಯಲ್ಲೇ ತಿರುಗಿ ತೆಂಕಿಗೆ ಹರಿದು, ಚಕ್ರಾ, ವಾರಾಹಿ, ಕುಬ್ಜಾ, ಖೇಟಾ ಎಲ್ಲರನ್ನೂ ಕೂಡಿಕೊಂಡು ಪಂಚಗಂಗಾವಳಿಯಾಗಿ ನಮ್ಮ ಅಳಿವೆಯಲ್ಲೇ ಕಡಲು ಸೇರುತ್ತದೆ. ದೇವರ ಹೊಳೆಯೇ ಹೀಗೆ ಸುತ್ತು ಹಾಕುವಾಗ ಅನುಗ್ರಹ ನೆಟ್ಟಗೆ ಮನೆ ಬಾಗಿಲಿಗೆ ಬರಲಿ ಎಂದು ಕೂರುವುದು ಗಂಗೊಳ್ಳಿಯವನಿಗೆ ಶೋಭಿಸುವ ಮಾತಲ್ಲ. ಎದುರಿಗೆ ಕಾಣುತ್ತದೆ ಎಂದ ಮಾತ್ರಕ್ಕೆ ಬಂತು ಎಂದಲ್ಲ. ತಡವಾಯಿತು ಎಂದ ಮಾತ್ರಕ್ಕೆ ಹೊರಟಿಲ್ಲ ಎಂದೂ ಅಲ್ಲ. ತ್ರಾಸಿಯಲ್ಲಿ ಇರಬಹುದು.

ಈಗ ಆಗಸ್ಟ್ 1, ಮೀನುಗಾರರ ಹೊಸ ವರ್ಷ. ಜೂನ್ ಮತ್ತು ಜುಲೈ ಎರಡು ತಿಂಗಳು, 61 ದಿನ, ಯಾಂತ್ರೀಕೃತ ಬೋಟುಗಳಿಗೆ ಕಡಲು ನಿಷೇಧ. ಅಷ್ಟು ದಿನವೂ ದಡದಲ್ಲಿ ಬಲೆ ಹೆಣೆಯುವುದು, ಇಂಜಿನ್ ಬಿಚ್ಚುವುದು, ಬಣ್ಣ ಬಳಿಯುವುದು, ಸಾಲ ಮಾಡುವುದು. ಆಯ ಸೊನ್ನೆ, ವ್ಯಯ ಕೇಳಬೇಡಿ. ಈ ಹೊತ್ತಿನಲ್ಲಿ ಬೇಡಿಕೊಳ್ಳುವುದು ಏನನ್ನು ಗೊತ್ತೇ? ತೂಫಾನನ್ನು. ಮಳೆಗಾಲದಲ್ಲಿ ಕಡಲು ಒಮ್ಮೆ ತಳದಿಂದ ಕದಡಿ ಏಳಬೇಕು, ಆಗಲೇ ಋತು ಶುರುವಾದಾಗ ಸಿಗಡಿ ಮೀನು ಕೈ ಹತ್ತುತ್ತದೆ ಎಂಬುದು ಮೀನುಗಾರರ ಅನುಭವದ ಮಾತು. ಆದರೆ ತೂಫಾನ್ ಜೋರಾದರೆ ನಾಡದೋಣಿಯವರ ಜೀವಕ್ಕೆ ಸಂಚಕಾರ. ಹಾಗಾಗಿ ಪ್ರಾರ್ಥನೆ ಬಹಳ ನಿಖರವಾಗಿರಬೇಕು: ಕಡಲು ಕದಡಲಿ, ದೋಣಿ ಮಗುಚದಿರಲಿ, ಹೆಂಚು ಹಾರದಿರಲಿ, ಸಾಧ್ಯವಾದರೆ ಕರೆಂಟೂ ಹೋಗದಿರಲಿ. ಬಿರುಗಾಳಿಯನ್ನು ವರವಾಗಿ ಬೇಡುವವರ ಅರ್ಜಿಯನ್ನು ಮೇಲಿರುವವನು ಎರಡು ಸಲ ಓದುತ್ತಿರಬೇಕು.

ನೂಲಹುಣ್ಣಿಮೆಗೆ ಸಮುದ್ರ ಪೂಜೆ. ಹಾಲು ಎರೆದು, ಹೂ ಹಾಕಿ, ತೆಂಗಿನಕಾಯಿ ಎಸೆಯುತ್ತಾರೆ. ಎಸೆದ ಕಾಯಿಯನ್ನು ಅಲೆ ಕೆಲವು ಸಲ ಹಾಗೇ ದಡಕ್ಕೆ ತಂದುಬಿಡುತ್ತದೆ. ಕಡಲು ನೈವೇದ್ಯ ತಿರಸ್ಕರಿಸಿತೇ ಎಂದು ಯಾರೂ ಚಿಂತಿಸುವುದಿಲ್ಲ, ಇನ್ನೂ ಸ್ವಲ್ಪ ದೂರ ಎಸೆಯುತ್ತಾರೆ.

ಎಲ್ಲ ವರ್ಷವೂ ನಗುವಂಥದ್ದಾಗಿರುವುದಿಲ್ಲ. 2023ರ ನವೆಂಬರಿನಲ್ಲಿ, ದೀಪಾವಳಿಯ ಹೊತ್ತಿಗೇ, ಇಲ್ಲಿ ದಡದಲ್ಲಿ ನಿಲ್ಲಿಸಿದ್ದ ಹಲವು ಬೋಟುಗಳು ಬೆಂಕಿಗೆ ಬೂದಿಯಾದವು. ಅಂಗಡಿಗಳಲ್ಲಿ ಹೊಸ ಲೆಕ್ಕ ತೆರೆಯುವ ಹಬ್ಬದಲ್ಲಿ ಕೆಲವರ ಲೆಕ್ಕವೇ ಸುಟ್ಟು ಹೋಯಿತು. ಬಂದರಿನಲ್ಲಿ ಆಗ ದೇವರ ಹೆಸರೆತ್ತಲೂ ಬಾಯಿ ಬರುತ್ತಿರಲಿಲ್ಲ. ಮುಂದಿನ ಮಳೆಗಾಲಕ್ಕೆ ಮತ್ತೆ ಬಣ್ಣದ ಡಬ್ಬಿ ತೆರೆದ ವಾಸನೆ ಬಂತು. ಯಾರ ಸಮಾಧಾನದ ಮಾತಿಗಿಂತಲೂ ಆ ವಾಸನೆ ಮೇಲು.

ನಿಷೇಧದ ದಿನಗಳಲ್ಲಿ ನಮಗೆ ಮೀನೆಲ್ಲಿಂದ? ನಾಡದೋಣಿಗೆ ಸಿಕ್ಕಷ್ಟು ಸಿಕ್ಕಿತು. ಉಳಿದದ್ದು ತಮಿಳುನಾಡಿನದು. ಅಲ್ಲಿ ನಿಷೇಧ ಜೂನ್ ನಡುವಿಗೇ ಮುಗಿಯುತ್ತದೆ. ಕಡಲ ಬಾಯಲ್ಲೇ ಕೂತ ನಾವು ಬಂಗಾಳಕೊಲ್ಲಿಯ ಮೀನಿಗೆ ಲಾರಿ ಕಾಯುತ್ತೇವೆ. ಲಾರಿ ಎಲ್ಲಿಂದ ತಿರುಗಿ ಊರೊಳಗೆ ಬರುತ್ತದೆಂದು ಮತ್ತೆ ಹೇಳಬೇಕಿಲ್ಲ.

ಮೊನ್ನೆ ಆಗಸ್ಟ್ ಮೊದಲ ವಾರ ಮೀನಿನ ಅಕ್ಕನ ಬುಟ್ಟಿಯಲ್ಲಿ ಬಂಗುಡೆ ಮಿನುಗುತ್ತಿತ್ತು. ಹೊಸ ವರ್ಷದ ಮೊದಲ ಬೇಟೆಯೇ ಇರಬೇಕೆಂದು ಹಿಗ್ಗಿ, “ಅಕ್ಕಾ, ಇದ್ ನಮ್ ಕಡಲಿದ್ದಾ, ಲಾರಿದಾ?” ಎಂದೆ.

ಅಕ್ಕ ನನ್ನನ್ನೊಮ್ಮೆ, ಬಂಗುಡೆಯನ್ನೊಮ್ಮೆ ನೋಡಿದಳು.

“ದೇವ್ರ್ ಕೊಟ್ಟದ್ದ್ ಅಂದ್ಕಂಡ್ ತಿನ್ನಿ ಮರಾಯ್ರೆ. ಅದ್ರ ಊರ್ ಕೇಣ್ಬೇಡಿ.”

ಆಮೇಲೆ ಎರಡು ಮೀನು ಕೊಸರು ಹಾಕಿ, ಅದರ ದುಡ್ಡನ್ನೂ ಸೇರಿಸಿಯೇ ಲೆಕ್ಕ ಹೇಳಿದಳು.